ಬಿಲ್ಲಗಿರಿಯ ಬಾಡಿಗೆ ಸೈಕಲ್ಲು

ನಾನು ಒಂದು ಗೇರ್ ಸೈಕಲ್ಲು. ಹುಟ್ಟಿದ್ದು ಲೂಧಿಯಾನದ ಕಾರ್ಖಾನೆಯಲ್ಲಿ. ಹಿಂದಿನ ಚಕ್ರಕ್ಕೆ ಏಳು ಹಲ್ಲುಗಾಲಿ ಕೂರಿಸಿ, ಹ್ಯಾಂಡಲ್ಲಿಗೆ ಗೇರ್ ಲಿವರ್ ಬಿಗಿದ ದಿನ ನನಗೆ ಜಂಬವೇ ಬಂದಿತ್ತು. ಬೆಟ್ಟ ಹತ್ತುವುದಕ್ಕೆಂದೇ ನನ್ನನ್ನು ಮಾಡಿದ್ದರು.

ಕೊಂಡವನು ಚೆಲುವರಾಜು. ಬಿಲ್ಲಗಿರಿ ಉದ್ಯಾನದ ಗೇಟಿನ ಪಕ್ಕ ಅವನ ಬಾಡಿಗೆ ಸೈಕಲ್ ಅಂಗಡಿ. ಅಲ್ಲಿಂದ ಹೊರಡುವ ದಾರಿ ನೆಲ್ಲಿ ಮರಗಳ ನಡುವೆ ಸುತ್ತಿ ಸುತ್ತಿ ಏರಿ, ಕೆಳಗಿನ ಜಲಾಶಯ ಪೂರ್ತಿ ಕಾಣುವ ಒಂದು ಬಂಡೆಯ ಹತ್ತಿರ ಮುಗಿಯುತ್ತದೆ. ‘ಸಾಧಾರಣ ಕಷ್ಟದ ದಾರಿ’ ಎಂದು ಬೋರ್ಡು ಹಾಕಿದ್ದಾರೆ. ಗೇರ್ ಸರಿಯಿದ್ದರೆ ಆ ಮಾತು ನಿಜ.

ಬಂದವರು ಲಿವರನ್ನು ಆಟದ ಸಾಮಾನಿನಂತೆ ತಿರುಗಿಸುತ್ತಿದ್ದರು. ಚೈನು ಕಳಚಿ ಬೀಳುತ್ತಿತ್ತು. ಫೋನ್ ಬಂದಾಗಲೆಲ್ಲ ಚೆಲುವರಾಜು ಬಯ್ದುಕೊಂಡು ಹತ್ತಿ ಬರಬೇಕಿತ್ತು. ಬೇಸತ್ತು ಒಂದು ಬೆಳಿಗ್ಗೆ ಹಿಂದಿನ ಚಕ್ರದ ಹತ್ತಿರ ನನ್ನ ಗೇರ್ ವೈರನ್ನೇ ಕತ್ತರಿಸಿಬಿಟ್ಟ. ಚೈನು ಅತಿ ಸಣ್ಣ ಹಲ್ಲುಗಾಲಿಗೆ ಇಳಿದು ಅಲ್ಲೇ ಉಳಿಯಿತು. ಸಮತಟ್ಟಿನಲ್ಲಿ ಓಡುತ್ತೇನೆ, ಏರಿನಲ್ಲಿ ಬಂಡೆಗಲ್ಲಿನಷ್ಟು ಭಾರ. ಲಿವರನ್ನು ಮಾತ್ರ ಅವನು ಬಿಚ್ಚಲಿಲ್ಲ. ಅದಿದ್ದರೆ ತಾನೇ ಗೇರ್ ಸೈಕಲ್ಲಿನ ಬಾಡಿಗೆ ಸಿಗುವುದು. ತಿರುಗಿಸಿದರೆ ಅದು ಮೊದಲಿನಂತೆಯೇ ಕಟಕ್ ಎನ್ನುತ್ತಿತ್ತು.

ಹೆಚ್ಚಿನವರು ಮೊದಲ ತಿರುವಿನಲ್ಲೇ ಇಳಿದು, ನನಗೆ ಒರಗಿ ಫೋಟೊ ತೆಗೆಸಿಕೊಂಡು ವಾಪಸಾಗುತ್ತಿದ್ದರು. ಅವರಿಗೆ ನಷ್ಟವೇನೂ ಇರಲಿಲ್ಲ.

ಆಮೇಲೆ ನಳಿನಾಕ್ಷಿ ಬಂದರು. ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಡಂ. ಸ್ಕೂಟರಿನಿಂದ ಬಿದ್ದು ಕಾಲು ಮುರಿದು, ಒಳಗೆ ರಾಡ್ ಹಾಕಿಸಿಕೊಂಡಿದ್ದರು. ಸೈಕಲ್ ತುಳಿಯಬಹುದು ಎಂದು ಡಾಕ್ಟರು ಹೇಳಿದ್ದರೂ ಗಂಡ ಶ್ರೀಕಂಠಯ್ಯನವರಿಗೆ ನಂಬಿಕೆ ಇರಲಿಲ್ಲ.

“ಆ ಬಂಡೆ ಮುಟ್ಟಿದ್ರೆ ಜೂನ್‌ಗೆ ಡ್ಯೂಟಿಗೆ ಹೋಗ್ತೀನಿ ರೀ,” ಎಂದರು ನಳಿನಾಕ್ಷಿ. “ಆಗ್ಲಿಲ್ಲ ಅಂದ್ರೆ ನೀವು ಹೇಳ್ದಂಗೆ ರಾಜೀನಾಮೆ ಕೊಟ್ಬಿಡ್ತೀನಿ.”

ಅವರು ಹಿಂದೆಂದೂ ಗೇರ್ ಸೈಕಲ್ ಹತ್ತಿದವರಲ್ಲ. ಏರು ಸಿಕ್ಕಾಗ ಚೆಲುವರಾಜು ತೋರಿಸಿಕೊಟ್ಟಂತೆಯೇ ಲಿವರ್ ತಿರುಗಿಸಿದರು. ಕಟಕ್ ಎಂದಿತು. ಗೇರ್ ಹಗುರವಾಯಿತು ಎಂದುಕೊಂಡು ತುಳಿದರು. ಮತ್ತೆ ತಿರುಗಿಸಿದರು, ಮತ್ತೆ ತುಳಿದರು. ಅವರ ಕಾಲಿನಲ್ಲಿ ಬಲವಿತ್ತು, ಪೆಡಲ್ಲಿಗೆ ಅದು ಗೊತ್ತಾಗುತ್ತದೆ. ನನ್ನನ್ನು ಆ ಸ್ಥಿತಿಯಲ್ಲಿ ಅಷ್ಟು ದೂರ ಹತ್ತಿಸಿದವರು ಇನ್ನೊಬ್ಬರಿಲ್ಲ. ಕೊನೆಯ ತಿರುವಿನಲ್ಲಿ ಬಂಡೆ ಕಾಣಿಸಿತು. ಅಲ್ಲಿ ಸಾಕಾಗಿ ಇಳಿದರು. ಅದೇ ಕಾಲಿನ ತೊಡೆಗೆ ತಾವೇ ಫಟಾರನೆ ಹೊಡೆದುಕೊಂಡರು. ಬಂಡೆಯ ಕಡೆ ಮತ್ತೆ ನೋಡದೆ ನನ್ನನ್ನು ತಿರುಗಿಸಿಕೊಂಡರು.

“ನನ್ ಕೈಲಿ ಆಗ್ಲಿಲ್ಲ ರೀ.”

“ನಾನು ಅವತ್ತೇ ಹೇಳ್ಲಿಲ್ವಾ,” ಎಂದರು ಗೇಟಿನ ಹತ್ತಿರ ಕಾಯುತ್ತಿದ್ದ ಗಂಡ, ಮೆಲ್ಲಗೆ.

ಚೆಲುವರಾಜು ಕತ್ತರಿಸಿದ ವೈರನ್ನು ನೋಡಿದ, ಅವರ ಮುಖವನ್ನೂ ನೋಡಿದ. ಒಂದು ಮಾತು ಆಡಿದ್ದರೆ ಸಾಕಿತ್ತು. “ಲೇಡೀಸ್‌ಗೆ ಈ ದಾರಿ ಕಷ್ಟನೇ ಅಕ್ಕ. ಬೇಜಾರ್ ಮಾಡ್ಕೋಬೇಡಿ,” ಎಂದ.

ಅವನನ್ನು ನಾನು ಕ್ಷಮಿಸಿಲ್ಲ.

ಈಗ ನನಗೆ ವಯಸ್ಸಾಗಿದೆ. ಟೈರಿಲ್ಲ. ಮೈಗೆಲ್ಲ ಹಳದಿ ಬಣ್ಣ ಬಳಿದು, ಬುಟ್ಟಿಯಲ್ಲಿ ಹೂವಿನ ಕುಂಡ ಇಟ್ಟು, ಫೋಟೊ ತೆಗೆಯುವವರಿಗಾಗಿ ಗೇಟಿನ ಪಕ್ಕ ನಿಲ್ಲಿಸಿದ್ದಾರೆ. ಕಳೆದ ಭಾನುವಾರ ನಳಿನಾಕ್ಷಿ ಗೆಳತಿಯೊಬ್ಬರ ಜೊತೆ ಬಂದಿದ್ದರು. ಕೂದಲು ನರೆತಿತ್ತು, ನಡಿಗೆ ಮಾತ್ರ ನೆಟ್ಟಗಿತ್ತು.

“ಇದೇ ಸೈಕಲ್ಲು ಕಣೇ,” ಎಂದರು. “ಕೆಲ್ಸ ಬಿಟ್ನಲ್ಲ, ಆ ವರ್ಷ ಇದ್ರಲ್ಲೇ ಹೋಗಿದ್ದೆ. ಪಾಪ, ಸೈಕಲ್ಲು ಚೆನ್ನಾಗೇ ಇತ್ತು. ನನ್ ಕಾಲೇ ಕೈಕೊಡ್ತು.”

ಹಾಗೆನ್ನುತ್ತಲೇ ಅವರ ಬೆರಳು ಲಿವರಿನ ಮೇಲೆ ಹೋಯಿತು. ಇಲ್ಲಮ್ಮ, ನಿಮ್ಮ ಕಾಲಲ್ಲ ಎಂದು ಹೇಳಬೇಕಿತ್ತು. ನನಗೆ ಉಳಿದಿರುವುದು ಅದೊಂದೇ ದನಿ.

ಕಟಕ್ ಎಂದೆ.

“ನೋಡು, ಗೇರು ಇನ್ನೂ ಸರಿಯಾಗೇ ಇದೆ,” ಎಂದರು ಅವರು.