ಅತ್ತೆ ಕೊಟ್ಟ ಒಂದೇ ಸ್ಟಾರ್

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ಒದ್ದವರು ಒಬ್ಬಿಬ್ಬರಲ್ಲ, ಇಡೀ ಬಳಗ. ಅದೂ ಯಾತಕ್ಕೆ? ಒಂದು ಮೊಬೈಲ್ ಗೇಮಿಗೆ!

ನಾನು ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಮುಗಿದ ಅಂಗಿಗಳು ನನ್ನ ಮೇಜಿಗೆ ಬರುತ್ತವೆ. ಕಾಲರ್ ಎಳೆದು, ಕಾಜಾ ಬಿಡಿಸಿ, ಒಳಹೊಲಿಗೆ ತಿರುವಿ ನೋಡಿ, ತಪ್ಪಿದ್ದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಹೊಲಿದವಳು ಊಟದ ಡಬ್ಬಿ ಹಂಚಿಕೊಳ್ಳುವ ಗೆಳತಿಯೇ ಆಗಿರಲಿ, ನಾನು ಬಿಡುವವಳಲ್ಲ. ಮನೆಗೆ ಯಾರಾದರೂ ಹೊಸ ಬಟ್ಟೆ ಹಾಕಿಕೊಂಡು ಬಂದರೂ ನನ್ನ ಕೈ ತಾನಾಗಿ ಅವರ ತೋಳಿನ ಹೊಲಿಗೆಗೆ ಹೋಗುತ್ತದೆ. ಅದಕ್ಕೇ ಬಳಗದವರೆಲ್ಲ ನನಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ನನಗೇನು ನಷ್ಟ?

ನಮ್ಮಣ್ಣನದು ಟೈರ್ ಅಂಗಡಿ. ಅವನ ಮಗನನ್ನು ನಾನು ಕರೆಯುವುದು ಗೂಬೆ ಎಂದೇ. ಅತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಆ ಕೂಸು ನನ್ನ ಸೊಂಟದ ಮೇಲೇ ಬೆಳೆದದ್ದು. ನನಗೆ ಮಕ್ಕಳಿಲ್ಲ, ಇದ್ದಿದ್ದರೂ ಇವನಷ್ಟು ಕಾಟ ಕೊಡುತ್ತಿರಲಿಲ್ಲ. ಹಗಲೆಲ್ಲ ಅಪ್ಪನ ಅಂಗಡಿಯಲ್ಲಿ ಪಂಕ್ಚರ್ ಹಾಕಿ, ಉಳಿದ ಹೊತ್ತು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತು, ಎರಡು ವರ್ಷದಲ್ಲಿ ತಾನೇ ಒಂದು ಗೇಮ್ ಮಾಡಿಬಿಟ್ಟ. ಹೆಸರು 'ಲಿಫ್ಟಣ್ಣ'. ನಲವತ್ತು ಮಹಡಿಯ ಕಟ್ಟಡ, ಲಿಫ್ಟ್ ನಡೆಸುವವರು ನಾವು. ಹತ್ತಿದವರನ್ನೆಲ್ಲ ಜಗಳವಾಗದ ಹಾಗೆ ಅವರವರ ಬಾಗಿಲಿಗೆ ಇಳಿಸಿದರೆ ನಮಗೆ ಮುಂದಿನ ಮಹಡಿ ತೆರೆಯುತ್ತದೆ.

ಗೇಮು ಫೋನಿಗೆ ಸಿಗುವಂತಾದ ದಿನ ಮನೆಗೆ ಬಂದು ನನ್ನ ಪಕ್ಕ ಕೂತ. "ಜನ ಆಡಿದ್ರೆ ಸರಿ, ಇಲ್ದಿದ್ರೆ ಇದೇ ಕೊನೆ ಅತ್ತೆ. ಆಮೇಲೆ ಟೈರೇ ಗತಿ" ಅಂದ. ನಗುತ್ತಲೇ ಅಂದ, ಆದರೆ ಉಗುರು ಕಚ್ಚುತ್ತಿದ್ದ.

ಅಷ್ಟರಲ್ಲಿ ಅಣ್ಣ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅಪ್ಪಣೆ ಹೊರಡಿಸಿದ್ದ: "ಎಲ್ರೂ ಐದು ಸ್ಟಾರ್ ಕೊಡಿ. ಒಂದು ಕಮ್ಮಿಯಾದ್ರೂ ನಮ್ಮನೆ ಬಾಗಿಲಿಗೆ ಬರಬೇಡಿ." ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ಹೆಗ್ಗಣಕ್ಕೆ ಬಾಲ ಇದೆಯೋ ಇಲ್ಲವೋ ಅಂತಾದರೂ ಒಮ್ಮೆ ತಿರುಗಿಸಿ ನೋಡಬೇಡವೇ?

ನಮ್ಮ ಯಜಮಾನರು ಚಹಾ ಲೋಟ ಕೆಳಗಿಡುವಷ್ಟರಲ್ಲಿ ಐದು ಸ್ಟಾರ್ ಕೊಟ್ಟು ಮುಗಿಸಿದ್ದರು.

"ಹೇಗಿದೆ ರೀ?" ಅಂದೆ.

"ಬಹಳ ಚೆನ್ನಾಗಿದೆ."

"ಏನಿದೆ ಅದ್ರಲ್ಲಿ?"

"ಕಾರು."

ಲಿಫ್ಟಿನ ಆಟದಲ್ಲಿ ಕಾರಂತೆ! ಇವರನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದೇನೆ, ನೋಡಿ.

ನಾನು ಮಾತ್ರ ಆಡಿದೆ. ಬಸ್ಸಿನಲ್ಲಿ ಆಡಿದೆ, ಊಟದ ಬಿಡುವಿನಲ್ಲಿ ಆಡಿದೆ, ಒಲೆಯ ಮುಂದೆ ನಿಂತು ಆಡುತ್ತಾ ಹಾಲು ಉಕ್ಕಿಸಿದೆ. ಒಮ್ಮೆ ಇಳಿಯುವ ಸ್ಟಾಪ್ ದಾಟಿ ಹೋಗಿ, ಬಿಸಿಲಿನಲ್ಲಿ ನಡೆದು ವಾಪಸ್ ಬಂದೆ. ಹದಿನೇಳನೇ ಮಹಡಿಯಲ್ಲಿ ಒಂದು ನಾಯಿ ಹತ್ತುತ್ತದೆ. ಹತ್ತಿದ ಮೇಲೆ ಇಳಿಯುವುದೇ ಇಲ್ಲ! ಲಿಫ್ಟ್ ಅಲ್ಲೇ ನಿಂತು, ಮತ್ತೆ ಕೆಳಗಿನಿಂದ ಶುರುಮಾಡಬೇಕು. ಎಷ್ಟು ಸಲ ಕೆಳಗಿಳಿದೆನೋ, ಆ ನಾಯಿಗೆ ಎಷ್ಟು ಶಾಪ ಹಾಕಿದೆನೋ. ಕೊನೆಗೆ ಅಂಚೆಯವನನ್ನು ಮೊದಲು ಹತ್ತಿಸಿಕೊಂಡರೆ ಅದು ಹೆದರಿ ಹೊರಗೇ ಉಳಿಯುತ್ತದೆಂದು ತಿಳಿಯಿತು. ಹಾಗೂ ಹೀಗೂ ನಲವತ್ತನೇ ಮಹಡಿ ಮುಟ್ಟಿ, ಕನ್ನಡಕ ಒರೆಸಿಕೊಂಡು, ಒಂದು ಸ್ಟಾರ್ ಒತ್ತಿದೆ.

ಕೆಳಗೆ ಬರೆದೆ: "ಗುಂಡಿಗಳು ಸಾಸಿವೆ ಕಾಳಷ್ಟಿವೆ, ಐದು ಒತ್ತಿದರೆ ಆರಕ್ಕೆ ಹೋಗುತ್ತದೆ. ಮುದುಕಿ ಒಳಗೆ ಕಾಲಿಡುವ ಮೊದಲೇ ಬಾಗಿಲು ಮುಚ್ಚುತ್ತದೆ, ಪಾಪ. ಸಂಗೀತ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗಿದೆ. ಹದಿನೇಳರ ನಾಯಿಗೆ ಏನಾದರೂ ಮಾಡಿ. ಸರಿಮಾಡಿ ಮತ್ತೆ ಕಳಿಸುವುದು."

ಸಂಜೆಯೇ ಅಣ್ಣನ ಫೋನು.

"ಏನೇ, ಹೊಟ್ಟೆಗೆ ಏನು ತಿಂತೀಯಾ ನೀನು? ಹೊರಗಿನೋರು ಮಾಡಿದ್ರೆ ಸುಮ್ನಿರ್ತಿದ್ದೆ. ಸಾಕಿದೋಳೇ ಹುಡುಗನ ಹೊಟ್ಟೆ ಮೇಲೆ ಹೊಡೀತೀಯಲ್ಲ!"

"ಅಣ್ಣಾ, ನಮ್ಮಲ್ಲಿ ಸ್ಟಿಕ್ಕರ್ ಹಾಕಿದ ಅಂಗೀನ ಬಿಸಾಡಲ್ಲ. ಬಿಚ್ಚಿ ಮತ್ತೆ ಹೊಲೀತಾರೆ."

"ನಿನ್ನ ಅಂಗಿ ಕಟ್ಕೊಂಡು ನನಗೇನು? ಅವ್ನು ಕಂಪ್ಯೂಟರ್ ಮುಚ್ಚಿಟ್ಟು ಕೂತಿದಾನೆ. ಗೇಮ್ ತೆಗೆದು ಹಾಕ್ತೀನಿ, ಮಾಡಿದ್ದು ಸಾಕು ಅಂತಾನೆ. ಸಮಾಧಾನ ಆಯ್ತಾ?"

ತಕ್ಷಣ ಗೂಬೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ನಮ್ಮ ಬೀದಿಯಲ್ಲೇ ಬೈಕಿನಲ್ಲಿ ಹೋದ. ನಾನು ಗೇಟಿನ ಹತ್ತಿರ ನಿಂತಿದ್ದೆ, ತಿರುಗಿಯೂ ನೋಡಲಿಲ್ಲ. ಕಾರ್ಖಾನೆಯಲ್ಲಿ ಕಿಸೆ ಸೊಟ್ಟಗಿದ್ದ ಅಂಗಿಯೊಂದನ್ನು ಹಾಗೇ ಮುಂದೆ ದೂಡಿದ್ದನ್ನು ಕಂಡು ಸೂಪರ್‌ವೈಸರ್ ನನ್ನ ಹಣೆ ಮುಟ್ಟಿ, ಜ್ವರವೇ ಎಂದು ಕೇಳಿದಳು.

ಭಾನುವಾರ ಬಂತು. ಭಾನುವಾರವೆಂದರೆ ಅವನು ನಮ್ಮ ಮನೆಯಲ್ಲಿ ಉಂಡು, ಸೋಫಾದಲ್ಲಿ ಬಿದ್ದುಕೊಂಡು, ಮಾವನ ಜೊತೆ ರಿಮೋಟಿಗೆ ಕಿತ್ತಾಡುವ ದಿನ. ಊಟದ ಹೊತ್ತು ಮೀರಿದರೂ ಬರಲಿಲ್ಲ. ಯಜಮಾನರು ತಟ್ಟೆಯಲ್ಲೇ ಕಣ್ಣಿಟ್ಟು, "ಒಂದು ಐದು ಒತ್ತಿಬಿಟ್ರೆ ಏನು ಗಂಟು ಹೋಗುತ್ತೆ ನಿಂದು?" ಅಂದರು. ನನಗೆ ರೇಗಿತು, ಆಮೇಲೆ ಅಳು ಬಂತು. ಹೌದು, ಏನು ಹೋಗುತ್ತದೆ? ಸತ್ಯ ಯಾರಿಗೆ ಬೇಕಾಗಿದೆ, ನನಗೆ ನನ್ನ ಗೂಬೆ ಬೇಕು. ಫೋನ್ ತೆಗೆದು, ಬರೆದದ್ದನ್ನೆಲ್ಲ ಅಳಿಸಿ, ಐದನೇ ಸ್ಟಾರಿನ ಮೇಲೆ ಬೆರಳಿಟ್ಟೆ.

"ಏಯ್, ಮುಟ್ಬೇಡ ಅದನ್ನ!"

ಬಾಗಿಲಲ್ಲಿ ಗೂಬೆ. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದವನೇ ನನ್ನ ಕೈಯಿಂದ ಫೋನ್ ಕಿತ್ತುಕೊಂಡ. ಕಣ್ಣು ಕೆಂಪಗಿದ್ದವು. ಪಕ್ಕದಲ್ಲಿ ಧೊಪ್ಪನೆ ಕೂತು ತನ್ನ ಫೋನ್ ನನ್ನ ಮುಂದೆ ಹಿಡಿದ.

"ಯಾರ್ಯಾರು ಎಷ್ಟನೇ ಮಹಡಿವರೆಗೆ ಆಡಿದ್ರು ಅಂತ ನನಗೆ ಕಾಣುತ್ತೆ. ಇವತ್ತು ಎಲ್ಲ ತೆಗೆದು ಹಾಕೋಣ ಅಂತ ಕೂತೋನು, ಕೊನೇ ಸಲ ನೋಡ್ದೆ. ನೋಡು ಇಲ್ಲಿ. ಅಪ್ಪ, ಒಂದನೇ ಮಹಡಿ. ಅಮ್ಮ, ಒಂದು. ಚಿಕ್ಕಪ್ಪ ಎರಡು, ಅದೂ ಕೈ ತಗಲಿರ್ಬೇಕು. ಮಾವ ಗೇಮ್ ಓಪನ್ನೇ ಮಾಡಿಲ್ಲ."

ಯಜಮಾನರು ಎದ್ದು ಕೈ ತೊಳೆಯಲು ಹೋದರು.

"ಎಲ್ರೂ ಐದೈದು ಕೊಟ್ರು ಅತ್ತೆ. ಅಪ್ಪ ಅಂಗಡಿಗೆ ಬಂದೋರಿಗೆಲ್ಲ ನನ್ನ ಮಗ, ನನ್ನ ಮಗ ಅಂತ ಹೇಳ್ತಾನೆ. ಒಬ್ರಾದ್ರೂ ಲಿಫ್ಟ್ ಹತ್ತಲಿಲ್ಲ. ಎರಡು ವರ್ಷ ಮಾಡಿದ್ದನ್ನ ನೋಡಿರೋದು ಪ್ರಪಂಚದಲ್ಲಿ ನೀನೊಬ್ಳೇ." ಫೋನ್ ಮಗುಚಿ ತೊಡೆಯ ಮೇಲಿಟ್ಟ. "ನಾನು ನಿನ್ನ ಮೇಲೆ ಮುಖ ಊದಿಸ್ಕೊಂಡು ಕೂತಿದ್ದೆ."

"ಮತ್ತೆ ಗೇಮು? ತೆಗೆದುಬಿಟ್ಯಾ?"

"ಎಲ್ಲಿ ತೆಗೆಯೋದು? ಮೊದ್ಲು ಆ ನಾಯೀನ ಇಳಿಸ್ಬೇಕು. ಗುಂಡಿ ಎಷ್ಟು ದೊಡ್ಡದು ಮಾಡ್ಲಿ ಹೇಳು. ನಿನ್ನ ಹೆಬ್ಬೆರಳು ತೋರ್ಸು."

ತೋರಿಸಿದೆ. ಫೋಟೋ ಹೊಡೆದುಕೊಂಡ, ಕತ್ತೆ. ಅನ್ನ ಬಡಿಸಿದೆ. ಗಬಗಬ ತಿನ್ನುತ್ತಾ, ಆಚೆ ನೋಡಿಕೊಂಡು ಕೇಳಿದ: "ನಲವತ್ತನೇದ್ರಲ್ಲಿ ಇರೋದನ್ನ ಸರಿಯಾಗಿ ನೋಡಿದ್ಯಾ?"

"ನೋಡ್ದೆ. ತಾರಸಿ. ಅದ್ರ ಬಗ್ಗೆ ಬರೆಯೋಕೆ ಜಾಗ ಸಾಲ್ಲಿಲ್ಲ. ಅಲ್ಲೊಬ್ಳು ಬಟ್ಟೆ ಒಣಗಿ ಹಾಕ್ತಿರ್ತಾಳಲ್ಲ, ಯಾರೋ ಅವ್ಳು? ಅಷ್ಟು ಕಷ್ಟಪಟ್ಟು ಮೇಲೆ ಬಂದೋರಿಗೆ ಶಭಾಷ್ ಅನ್ನೋದು ಬಿಟ್ಟು, 'ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ, ಕೈಕಾಲು ತೊಳ್ಕೊಂಡು ಬಾ' ಅಂತ ಬೈತಾಳೆ! ಬಜಾರಿ. ಮೊದ್ಲು ಅವಳನ್ನ ತೆಗಿ."

ಗೂಬೆಗೆ ತುತ್ತು ನೆತ್ತಿಗೇರಿತು. ಕೆಮ್ಮುತ್ತಾ ನಗುತ್ತಾ ನೀರು ಕುಡಿದು, ತಾರಸಿಯ ಚಿತ್ರ ತೆರೆದು, ಎರಡು ಬೆರಳಿನಿಂದ ಅವಳ ಮುಖ ದೊಡ್ಡದು ಮಾಡಿದ. ಕನ್ನಡಕ ತಲೆಯ ಮೇಲೆ. ತುರುಬಿಗೆ ಸಿಕ್ಕಿಸಿದ ಪೆನ್ನು. ನನ್ನ ಕೈ ಮೆಲ್ಲಗೆ ನನ್ನ ತುರುಬಿಗೆ ಹೋಯಿತು. ಪೆನ್ನು ಅಲ್ಲೇ ಇತ್ತು.

"ಅಯ್ಯೋ ಹಾಳಾದೋನೇ! ನನ್ನನ್ನ ತಗೊಂಡು ಹೋಗಿ ತುತ್ತತುದೀಲಿ ಯಾಕೋ ನಿಲ್ಸಿದೆ? ಕೆಳಗೆಲ್ಲಾದ್ರೂ ಇಟ್ಟಿದ್ರೆ ನಾಲ್ಕು ಜನ ನೋಡ್ತಿದ್ರು."

ಅವನು ತಟ್ಟೆಯ ಅಂಚು ಒರೆಸುತ್ತಾ ಹೇಳಿದ: "ಅಲ್ಲೀತನಕ ಬರೋಳು ನೀನೊಬ್ಳೇ ಅಂತ ಗೊತ್ತಿತ್ತು."

ನಾನು ಒಳಗೆ ಓಡಿಹೋಗಲಿಲ್ಲ, ಸೆರಗನ್ನೂ ಅಡ್ಡ ಹಿಡಿಯಲಿಲ್ಲ. ಅವನೆದುರಿಗೇ ಅತ್ತುಬಿಟ್ಟೆ.