ಅಜ್ಜಿಯ ಡಬ್ಬಿ ಮುಗಿಯುವವರೆಗೆ

ವಿಯೆನ್ನಾದಲ್ಲಿ ಊಟ ಸಿಗದ ಬೀದಿಯೇ ಇಲ್ಲ. ಆದರೂ ರಾದಿಮ್ ಊಟ ಮಾಡುತ್ತಿದ್ದದ್ದು ನೆಲಮಾಳಿಗೆಯ ಕಾರ್ ಪಾರ್ಕಿಂಗಿನಲ್ಲಿ, ಕಂಬಕ್ಕೆ ಒರಗಿ ನಿಂತುಕೊಂಡು. ಕೈಯಲ್ಲಿ ಎರಡು ತುಂಡು ಬ್ರೆಡ್ಡು, ನಡುವೆ ತಣ್ಣಗಿನ ರೀಜೆಕ್.

ಹಂದಿಮಾಂಸದ ಹೋಳನ್ನು ಸುತ್ತಿಗೆಯಲ್ಲಿ ಬಡಿದು ತೆಳುಮಾಡಿ, ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದರೆ ರೀಜೆಕ್. ಚೆಕ್ ದೇಶದ ಓಲೊಮೌತ್ಸ್ ಊರಿನವರು ರಜೆಗೆ ಹೊರಟಾಗ ಪಾಸ್‌ಪೋರ್ಟ್ ಮರೆತಾರು, ಇದನ್ನು ಮರೆಯರು. ಈ ಸಲ ಬ್ಲಾಜೆನಾ ಅಜ್ಜಿ ಎಂಬತ್ತನಾಲ್ಕು ಕರಿದು ಐಸ್ ಡಬ್ಬಿಯಲ್ಲಿ ತುಂಬಿದ್ದಳು. ಅಪ್ಪ, ಅಮ್ಮ, ಅಜ್ಜಿ, ರಾದಿಮ್, ನಾಲ್ಕು ಜನ. ಏಳು ದಿನ. ದಿನಕ್ಕೆ ಮೂರು ಹೊತ್ತು. ಲೆಕ್ಕ ಕರಾರುವಾಕ್ಕಾಗಿತ್ತು, ರಾದಿಮ್‌ನ ಮೈ ಉರಿದದ್ದೇ ಅದಕ್ಕೆ. ಮುದುಕಿ ಒಂದೇ ಒಂದು ಹೊತ್ತನ್ನೂ ಖಾಲಿ ಬಿಟ್ಟಿರಲಿಲ್ಲ.

"ಅಲ್ಲಿನೋರು ಏನು ತಿಂತಾರೋ ಅದನ್ನೇ ತಿನ್ನೋಣ ಅಂದಿದ್ಯಲ್ಲಪ್ಪಾ," ಎಂದ ಅವನು.

ಅಪ್ಪ ಓತಾ ಇಪ್ಪತ್ತು ವರ್ಷದಿಂದ ಟ್ರ್ಯಾಮ್ ಓಡಿಸುವವನು. ಹಳಿ ಬಿಟ್ಟು ಅತ್ತಿತ್ತ ಹೋಗಿ ಅಭ್ಯಾಸವಿಲ್ಲ. ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಕಡಿಯುತ್ತಾ, "ತಿನ್ನೋಣ ಕಣೋ. ಡಬ್ಬಿ ಮುಗೀಲಿ," ಎಂದ.

"ಡಬ್ಬಿ ಮುಗಿಯೋದು ನಮ್ಮನೆ ಬಾಗಿಲಲ್ಲಿ!"

"ಕಿರುಚಬೇಡ, ಪ್ರತಿಧ್ವನಿ ಬರುತ್ತೆ," ಎಂದಳು ಅಮ್ಮ ವ್ಲಾಸ್ತಾ.

ಮನೆಯಿಂದ ತಂದದ್ದು ಮುಗಿಯದೆ ಹೊರಗಿನದನ್ನು ಮುಟ್ಟಬಾರದು. ಇದು ಅಜ್ಜಿಯ ಕಾನೂನು. ಸರಕಾರಗಳು ಬಂದವು, ಹೋದವು, ದೇಶವೇ ಎರಡು ಹೋಳಾಯಿತು, ಈ ಕಾನೂನಿಗೆ ಒಂದು ತಿದ್ದುಪಡಿಯೂ ಬರಲಿಲ್ಲ.

ರಾದಿಮ್‌ಗೆ ಇದು ಬರೀ ಬಾಯಿಚಪಲದ ವಿಷಯವಾಗಿರಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟವನು ಆರು ವರ್ಷದಿಂದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದಿದ್ದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಿಟ್ಟಿನ ಕಡುಬಿನ ಮೇಲೆ ಕಂದು ಗೊಜ್ಜು ಸುರಿಯುವುದು, ಅಷ್ಟೇ. ಊರ ಚೌಕದ ಹಿಂದಿನ ಗಲ್ಲಿಯಲ್ಲಿ ಹನ್ನೆರಡು ಮೇಜಿನ ಒಂದು ಹೋಟೆಲು. ಅದರ ಒಡತಿ ಸ್ಕೋಪಾಲೊವಾ ಹೊಸ ಅಡುಗೆಯವನನ್ನು ಹುಡುಕುತ್ತಿದ್ದಳು. ಹೋಗಿ ನಿಂತರೆ ಆಕೆ ಸರ್ಟಿಫಿಕೇಟು ಕೇಳಲಿಲ್ಲ. ಕೇಳಿದ್ದರೂ ತೋರಿಸಲು ಇರಲಿಲ್ಲ.

"ರಜೆಗೆ ಹೋಗ್ತಿದೀಯಲ್ಲ," ಎಂದಿದ್ದಳು. "ಅಲ್ಲಿಂದ ಒಂದು ಅಡುಗೆ ತಗೊಂಡ್ ಬಾ. ಪುಸ್ತಕದಿಂದ ಬೇಡ, ಫೋನಿಂದ ಬೇಡ. ತಿಂದು, ತಲೇಲಿಟ್ಕೊಂಡು ಬಾ. ಸೋಮವಾರ ನನ್ನ ಒಲೆ ಮೇಲೆ ಮಾಡಿ ತೋರ್ಸು. ಹಿಡಿಸಿದ್ರೆ ಒಲೆ ನಿಂದು. ಇಲ್ದಿದ್ರೆ ಹೋಗಿ ಗೊಜ್ಜು ಸುರಿ."

ಈ ವಿಷಯವನ್ನು ಅವನು ಮನೆಯಲ್ಲಿ ಎತ್ತಿರಲಿಲ್ಲ. ಎತ್ತಿದರೆ ಅಪ್ಪ ಕಾರ್ಖಾನೆಯ ಪಿಂಚಣಿಯ ಪುರಾಣ ತೆಗೆಯುತ್ತಿದ್ದ. ಸ್ಕೋಪಾಲೊವಾ ಬೇಡ ಅಂದಳೆಂದರೆ ಮುಂದಿನ ಹತ್ತು ಕ್ರಿಸ್‌ಮಸ್‌ಗಳಲ್ಲೂ ಅದೇ ಮಾತು ಊಟದ ಮೇಜಿಗೆ ಬರುತ್ತಿತ್ತು. ಹಾಗಾಗಿ ಒಂದು ತಟ್ಟೆ, ಎಲ್ಲಾದರೂ ಸರಿ, ಒಂದೇ ಒಂದು ಬಿಸಿ ತಟ್ಟೆ ಸಿಕ್ಕರೆ ಸಾಕು ಎಂದು ಹೊರಟಿದ್ದ.

ಸಂಜೆ ವಿಯೆನ್ನಾ ಸುತ್ತಿದರು. ಹೆಸರುವಾಸಿ ಹೋಟೆಲೊಂದರ ಗಾಜಿಗೆ ಮೂಗು ಒತ್ತಿ ಅಜ್ಜಿ ಒಳಗಿನವರ ತಟ್ಟೆ ನೋಡಿದಳು. ತಟ್ಟೆಗಿಂತ ದೊಡ್ಡ ಕರಿದ ಮಾಂಸ, ಪಕ್ಕದಲ್ಲಿ ನಿಂಬೆ ಹೋಳು.

"ನಮ್ದೇ ಕದ್ದಿದಾರೆ," ಎಂದಳು. "ಅದಿರ್ಲಿ, ಅಷ್ಟೊಂದು ನಿಂಬೆಹಣ್ಣು ಯಾಕೆ? ಮಾಂಸ ಕೆಟ್ಟಿರ್ಬೇಕು."

ಒಳಗೆ ತಿನ್ನುತ್ತಿದ್ದ ದಂಪತಿ ಫೋರ್ಕು ಕೆಳಗಿಟ್ಟರು. ಅಜ್ಜಿ ಅವರಿಗೆ ಕೈಬೀಸಿ, ಕೈಚೀಲದಿಂದ ತನ್ನದೊಂದು ತೆಗೆದು ಗಾಜಿಗೆ ಹಿಡಿದು ತೋರಿಸಿದಳು. ಹೀಗಿರಬೇಕು, ನೋಡಿ.

ಮೂರನೆಯ ದಿನ ಲ್ಯುಬ್ಲಿಯಾನಾ. ಇಲ್ಲಿ ಹೇಗಾದರೂ ತಪ್ಪಿಸಿಕೊಂಡು ಹೋಗುತ್ತೇನೆಂದು ರಾದಿಮ್ ಶೂ ಲೇಸು ಬಿಗಿದಿದ್ದ. ಆದರೆ ಇವರು ಕಾರು ನಿಲ್ಲಿಸಿದ ಪಕ್ಕದಲ್ಲೇ ತಮ್ಮೂರ ಪಕ್ಕದ ಪ್ರೊಸ್ಟೆಯೊವ್ ಊರಿನ ಪಿಂಚಣಿದಾರರ ಬಸ್ಸು ನಿಂತಿತ್ತು. ನಲವತ್ತೆಂಟು ಜನ. ನಲವತ್ತೆಂಟು ಡಬ್ಬಿ.

ಪರದೇಶದ ಪಾರ್ಕಿಂಗಿನಲ್ಲಿ ಊರ ಕಡೆಯವರು ಸಿಕ್ಕರೆ ರೀಜೆಕ್ ಬದಲಾಯಿಸಿಕೊಳ್ಳಬೇಕು. ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ನಿನ್ನ ಕೈಯ ಅಡುಗೆ ನನಗೆ ಹೇಸಿಗೆ ಅಂದ ಹಾಗೆ.

"ನಮ್ದೊಂದು ನೋಡಿ ತಾಯಿ, ಮೊಟ್ಟೆಗೆ ಸ್ವಲ್ಪ ಬಿಯರ್ ಹಾಕಿದೀನಿ."

"ನಮ್ದಕ್ಕೆ ಬೆಳ್ಳುಳ್ಳಿ. ಎರಡು ತಗೊಳ್ಳಿ. ಹುಡ್ಗ ಸಣ್ಣಗಿದಾನೆ, ಅವನಿಗೊಂದು."

"ಅವ್ನಿಗೆ ತುಂಬಾ ಇಷ್ಟ," ಎಂದಳು ಅಜ್ಜಿ. "ಮೂರು ಹೊತ್ತೂ ಅದೇ ಕೇಳ್ತಾನೆ."

ರಾದಿಮ್ ಹಲ್ಲು ಕಚ್ಚಿದ. ಬೆಳಿಗ್ಗೆ ಅರವತ್ತಿದ್ದ ರೀಜೆಕ್, ನಾಲ್ವರೂ ಎರಡು ಹೊತ್ತು ತಿಂದ ಮೇಲೆ, ಸಂಜೆಗೆ ತೊಂಬತ್ತೊಂದಾಗಿತ್ತು. ಡಬ್ಬಿ ಮುಚ್ಚಲು ಅಪ್ಪ ಅದರ ಮೇಲೆ ಕೂರಬೇಕಾಯಿತು. ಮಿಕ್ಕವನ್ನು ಒಂದು ಕಪ್ಪು ಬ್ಯಾಗಿಗೆ ತುರುಕಿ ಹಿಂದಿನ ಸೀಟಿನಲ್ಲಿ ರಾದಿಮ್‌ನ ತೊಡೆಯ ಮೇಲಿಟ್ಟರು. ಗಡಿ ದಾಟುವವರೆಗೂ ಅದು ಅವನ ತೊಡೆಯ ಮೇಲೆ ಮಗುವಿನ ಹಾಗೆ ಬೆಚ್ಚಗೆ ಕೂತಿತ್ತು. ಎಸೆದುಬಿಡಬೇಕು ಅನ್ನಿಸಿತು. ಇನ್ನೂ ಎರಡು ಊರು ಬಾಕಿ.

ತ್ರಿಯೆಸ್ತೆಯಲ್ಲಿ ಅದನ್ನೇ ಮಾಡಿದ. ಸಮುದ್ರದ ಪಕ್ಕದ ದೊಡ್ಡ ಚೌಕದಲ್ಲಿ, ಉಳಿದವರು ಫೋಟೋ ತೆಗೆಯುತ್ತಿದ್ದಾಗ, ಬ್ಯಾಗನ್ನು ಒಂದು ಬೆಂಚಿನ ಕೆಳಗೆ ಕಾಲಿಂದ ತಳ್ಳಿ ಸಿಳ್ಳೆ ಹೊಡೆಯುತ್ತಾ ದೂರ ನಡೆದ. ಹದಿನೆಂಟು ಕಡಿಮೆಯಾಯಿತು. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಹಗುರ ಅನ್ನಿಸಿತು.

ಹತ್ತು ನಿಮಿಷಕ್ಕೆ ಪೊಲೀಸರು ಬಂದರು. ಸೀಟಿ, ಕೂಗು, ಅಡ್ಡ ಕಟ್ಟಿದ ಪಟ್ಟಿ. ಕಾಫಿ ಕುಡಿಯುತ್ತಿದ್ದವರನ್ನೆಲ್ಲ ಎಬ್ಬಿಸಿ ಸಮುದ್ರದ ಕಡೆಗೆ ಅಟ್ಟಿದರು. ಚಕ್ರದ ಮೇಲಿನ ಯಂತ್ರವೊಂದು ಗಡಗಡ ಸದ್ದು ಮಾಡುತ್ತಾ ಬೆಂಚಿನ ಹತ್ತಿರ ಹೋಯಿತು. ಉಕ್ಕಿನ ಕೈ ಚಾಚಿ ಜಿಪ್ಪು ಎಳೆಯಿತು. ಐನೂರು ಜನ ಉಸಿರು ಬಿಗಿಹಿಡಿದಿದ್ದರು. ಯಂತ್ರ ಒಂದು ರೀಜೆಕ್ ಅನ್ನು ಎತ್ತಿ ಬಿಸಿಲಿಗೆ ಹಿಡಿಯಿತು.

"ಅಯ್ಯೋ, ಅದು ನಂದು!" ಅಜ್ಜಿ ಪಟ್ಟಿಯ ಕೆಳಗೆ ನುಸುಳಿದಳು. "ಚುಚ್ಚಬೇಡ್ರೋ, ಹೊದಿಕೆ ಉದುರುತ್ತೆ!"

ತುಸು ಜರ್ಮನ್ ಬಲ್ಲ ಅಪ್ಪ ಅಧಿಕಾರಿಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತ. ಅರ್ಧ ಗಂಟೆ ಮಾತಾಯಿತು. ಕೊನೆಗೆ ಬ್ಯಾಗು ಮರಳಿ ಬಂತು. ಅಜ್ಜಿ ಅಲ್ಲೇ ನೆಲದ ಮೇಲೆ ಎಣಿಸಿದಳು.

"ಹದಿನೇಳು. ಇನ್ನೊಂದೆಲ್ಲಿ, ಕೇಳೋ ಓತಾ."

ಅಪ್ಪ ಕೇಳಿದ. ಅಧಿಕಾರಿ ಮೀಸೆ ಒರೆಸಿಕೊಂಡು ಏನೋ ಹೇಳಿದ. "ಅದನ್ನ ತನಿಖೆಗೆ ಇಟ್ಕೊಂಡಿದಾರಂತೆ ಅಮ್ಮ," ಎಂದ ಅಪ್ಪ. "ಮತ್ತೆ, ಯಾವ ಎಣ್ಣೇಲಿ ಕರಿದಿದ್ದು ಅಂತ ಕೇಳ್ತಿದಾರೆ."

"ಎಣ್ಣೆ ಅಲ್ಲ, ಹಂದಿ ಕೊಬ್ಬು ಅಂತ ಹೇಳು," ಎಂದು ಅಜ್ಜಿ ಮೊಮ್ಮಗನ ಕಡೆ ತಿರುಗಿ ಬ್ಯಾಗನ್ನು ಅವನ ಎದೆಗೆ ಒತ್ತಿದಳು. "ಮರೆಗುಳಿ! ನಿನ್ನ ತಲೆ ಕತ್ತಿಗೆ ಹೊಲಿದಿರೋದಕ್ಕೆ ಬಚಾವು."

ಬೊಲೊನ್ಯಾ ಕೊನೆಯ ಊರು. ಆರನೆಯ ದಿನದ ಮಧ್ಯಾಹ್ನ. ನಾಳೆ ಬೆಳಕು ಹರಿಯುವ ಮುಂಚೆ ವಾಪಸು ಹೊರಡಬೇಕು. ಉದ್ದನೆಯ ಕಮಾನು ಜಗಲಿಯ ನೆರಳಲ್ಲಿ ಅಮ್ಮ ಬಟ್ಟೆ ಹಾಸಿ ರೀಜೆಕ್ ಹಂಚತೊಡಗಿದಾಗ ರಾದಿಮ್ "ಮೂತ್ರಕ್ಕೆ" ಎಂದು ಎದ್ದವನು ಓಡಿದ. ಹಿಂದೆ ತಿರುಗದೆ ಓಡಿದ. ಎರಡು ಗಲ್ಲಿ ದಾಟಿ, ಹೆಸರಿನ ಹಲಗೆಯೂ ಇಲ್ಲದ ಒಂದು ಹೋಟೆಲಿಗೆ ನುಗ್ಗಿ ಕುರ್ಚಿಯ ಮೇಲೆ ಬಿದ್ದ.

ಬೋಳುತಲೆಯ ಮಾಣಿ ಗಡಿಯಾರ ತೋರಿಸಿದ. ಎರಡೂಕಾಲು. ಎರಡೂವರೆಗೆ ಒಲೆ ಆರುತ್ತದೆ ಎಂದು ಕೈಸನ್ನೆ ಮಾಡಿದ. ಪಕ್ಕದ ಮೇಜಿನವರು ತಿನ್ನುತ್ತಿದ್ದದ್ದನ್ನು ರಾದಿಮ್ ಬೆರಳು ಮಾಡಿ ತೋರಿಸಿದ.

ಬಂತು. ಹೊಗೆಯಾಡುವ ಬಟ್ಟಲು, ಚಿನ್ನದ ಬಣ್ಣದ ಸಾರು, ಅದರಲ್ಲಿ ಮುಳುಗಿದ ಉಗುರಿನಷ್ಟು ಪುಟ್ಟ ಹಿಟ್ಟಿನ ಪೊಟ್ಟಣಗಳು, ಒಳಗೆ ಮಾಂಸದ ಹೂರಣ. ರಾದಿಮ್ ಚಮಚ ಎತ್ತಿದ.

"ಇಲ್ಲಿದೀಯಾ!"

ಬಾಗಿಲಲ್ಲಿ ಅಜ್ಜಿ. ಎಪ್ಪತ್ತೊಂಬತ್ತು ವರ್ಷದ ಕಾಲು ಹೇಗೆ ಅಷ್ಟು ಓಡಿತೋ. ಕೈಯಲ್ಲಿ ಕಾಗದ ಸುತ್ತಿದ ರೀಜೆಕ್. "ಮಧ್ಯಾಹ್ನದ ಪಾಲು ಬಿಟ್ಟು ಬಂದಿದೀಯಲ್ಲೋ, ಹೊಟ್ಟೆ ಏನಾಗ್ಬೇಕು!"

ಹೊರಗಿನ ತಿಂಡಿ ಒಳಗೆ ತರಬಾರದೆಂದು ಮಾಣಿ ಅಡ್ಡ ನಿಂತ. ಅವನಿಗೆ ಚೆಕ್ ಬಾರದು, ಅಜ್ಜಿಗೆ ಇಟಾಲಿಯನ್ ಬಾರದು, ಜಗಳಕ್ಕೆ ಅದೇನೂ ತೊಂದರೆಯಾಗಲಿಲ್ಲ. ಅವನು ಬಾಗಿಲ ಕಡೆ ಕೈ ತೋರಿಸಿದ. ಆಕೆ ಅದೇ ಕೈಗೆ ರೀಜೆಕ್ ಇಟ್ಟು, "ನೀನೂ ಸಣ್ಣಗಿದೀಯ, ತಿನ್ನು," ಎಂದು ಅವನನ್ನು ಪಕ್ಕಕ್ಕೆ ಸರಿಸಿ ಬಂದು ರಾದಿಮ್‌ನ ಎದುರು ಕೂತಳು. ಮಾಣಿ ಕಾಗದ ಬಿಚ್ಚಿ ಮೂಸಿ ನೋಡಿದ. ಅಡುಗೆಮನೆಗೆ ಹೋದವನು ಹೊರಗೆ ಬರಲಿಲ್ಲ.

"ಏನಿದು?" ಅಜ್ಜಿ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಅವನ ಕೈಯಿಂದ ಚಮಚ ಕಿತ್ತುಕೊಂಡು ಒಂದು ಪೊಟ್ಟಣ ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು.

"ಡಬ್ಬಿ ಮುಗಿದಿಲ್ವಲ್ಲಜ್ಜೀ!" ಎಂದ ರಾದಿಮ್.

"ನಾನೆಲ್ಲಿ ತಿಂತಿದೀನಿ? ನಿಂಗೆ ಆಗುತ್ತೋ ಇಲ್ವೋ ನೋಡ್ತಿದೀನಿ." ಇನ್ನೊಂದು ಹಾಕಿಕೊಂಡಳು. "ಇದು ಬೇರೆ ಕೈ ಮಡಿಚಿದ್ದು. ಅಂಚು ನೋಡು, ಎಡಗೈಯೋಳು." ಮತ್ತೊಂದು. "ಇದು ಮೊದಲ್ನೋಳದ್ದೇ. ಇದ್ಯಾರದ್ದು?" ಮತ್ತೊಂದು. ಒಂದೊಂದೂ ಬೇರೆ ಕೈಯದ್ದಾದ ಮೇಲೆ ಒಂದೊಂದನ್ನೂ ನೋಡಲೇಬೇಕಲ್ಲ. ನೋಡಿದಳು. ಕೊನೆಗೆ ಬಟ್ಟಲನ್ನೇ ಎತ್ತಿ ಸಾರನ್ನೂ ನೋಡಿ ಮುಗಿಸಿ, "ಪರವಾಗಿಲ್ಲ, ತಿನ್ನಬಹುದು ನೀನು," ಎಂದು ಖಾಲಿ ಬಟ್ಟಲನ್ನು ಅವನ ಮುಂದೆ ತಳ್ಳಿದಳು.

ಗಡಿಯಾರ ಎರಡೂವರೆ ಹೊಡೆಯಿತು. ಒಳಗೆ ಒಲೆ ಆರಿದ ಸದ್ದು ಕೇಳಿಸಿತು.

ರಾದಿಮ್ ಮೇಜು ಗುದ್ದಿದ. ಗ್ಲಾಸು ಉರುಳಿತು. ಕ್ಯಾಂಟೀನು, ಗೊಜ್ಜು, ಸ್ಕೋಪಾಲೊವಾ, ಸೋಮವಾರ, ಎಲ್ಲವೂ ಒಂದೇ ಉಸಿರಿಗೆ ಹೊರಬಂತು. "ಸಾಯೋವರ್ಗೂ ಸೌಟು ಹಿಡಿದು ಗೊಜ್ಜು ಸುರೀತೀನಿ ಕಣಜ್ಜಿ! ನಿನ್ನ ಡಬ್ಬಿಯಿಂದ! ಒಂದು ಚಮಚ, ಒಂದೇ ಒಂದು ಚಮಚ ಬೇಕಿತ್ತು ನಂಗೆ!" ಇಪ್ಪತ್ತೆರಡರ ಗಂಡಸು ಅಳುತ್ತಿದ್ದ. ಸಿಟ್ಟಿಗೆ ಕಣ್ಣೀರು ಬೇರೆ, ಅದಕ್ಕಾಗಿ ಇನ್ನೂ ಸಿಟ್ಟು.

ಅಜ್ಜಿ ನಾಲಿಗೆಯನ್ನು ಹಲ್ಲುಗಳ ಮೇಲೆ ನಿಧಾನ ಆಡಿಸಿದಳು.

"ಹುಚ್ಚಪ್ಪ. ಬಾಯಿಬಿಟ್ಟು ಹೇಳ್ಬಾರ್ದಾ? ಪೆನ್ ತಗೋ. ಬೇಗ, ನಾನು ನೀರು ಕುಡಿಯೋಕ್ಮುಂಚೆ."

"ಏನು?"

"ಬರ್ಕೋ. ಹಂದಿ ಮೂರು ಥರ. ಒಂದು ಹಸೀದು, ಒಂದು ಉಪ್ಪಲ್ಲಿ ಒಣಗ್ಸಿದ್ದು, ಒಂದು ದಪ್ಪ ಸಾಸೇಜಿನದ್ದು, ಕೊಬ್ಬು ಜಾಸ್ತಿ. ಹಳೇ ಚೀಸು, ಎರಡು ವರ್ಷದ್ದು. ಜಾಯಿಕಾಯಿ. ಹಾಕಿದೋಳಿಗೆ ಆವತ್ತು ಗಂಡನ ಮೇಲೆ ಕೋಪ, ಚಿಟಿಕೆ ಹೆಚ್ಚಾಗಿದೆ, ನೀನು ಕಡ್ಮೆ ಮಾಡು. ಸಾರು ಮುದಿ ಕೋಳೀದು, ಜೊತೆಗೆ ದನದ ಮೂಳೆ. ಕುದಿಸಿಲ್ಲ, ಕುದಿಸದ ಹಾಗೆ ಕಾಯ್ಸಿದಾರೆ. ಬರ್ದ್ಯಾ? ಹಿಟ್ಟು ಹೇಳ್ತೀನಿ, ಬರಿ."

ಅವನು ಕಾಗದದ ಕರವಸ್ತ್ರದ ಮೇಲೆ ಬರೆದ. ನಾಲ್ಕು ತುಂಬಿದವು. ಅಡುಗೆಮನೆಯ ಬಾಗಿಲಲ್ಲಿ ಮಾಣಿ, ಅವನ ಪಕ್ಕ ಇಬ್ಬರು ಹೆಂಗಸರು ನಿಂತು ರೀಜೆಕ್ ಹಂಚಿಕೊಂಡು ತಿನ್ನುತ್ತಿದ್ದರು. ಅದರಲ್ಲಿ ಒಬ್ಬಳು ಎಡಗೈಯಲ್ಲಿ ತಿನ್ನುತ್ತಿದ್ದಳು.

ಸೋಮವಾರ ಸ್ಕೋಪಾಲೊವಾಳ ಅಡುಗೆಮನೆಗೆ ರಾದಿಮ್ ಒಬ್ಬನೇ ಹೋಗಲಾಗಲಿಲ್ಲ. ರುಚಿ ಅಜ್ಜಿಯ ಬಾಯಲ್ಲಿತ್ತು. ಆಕೆ ಮೂಲೆಯ ಸ್ಟೂಲಿನ ಮೇಲೆ ಚಮಚ ಹಿಡಿದು ಕೂತಳು. ಇವನು ಮಾಡಿ ಕೊಟ್ಟ. "ಅಲ್ಲ." ಮತ್ತೆ ಮಾಡಿದ. "ಸಾರು ಸರಿ, ಹೂರಣ ಅಲ್ಲ." ಮೂರನೆಯದಕ್ಕೆ ಮುಖವನ್ನೇ ತಿರುಗಿಸಿದಳು. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕಾಯಿತು. ಸ್ಕೋಪಾಲೊವಾ ತನ್ನದೇ ಅಡುಗೆಮನೆಯ ಬಾಗಿಲಲ್ಲಿ, ತನ್ನದೇ ಚಮಚ ಹಿಡಿದು, ಸರದಿ ಕಾಯುತ್ತಾ ನಿಂತಿದ್ದಳು. "ನಂಗೊಂಚೂರು..." ಎಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅಜ್ಜಿ, "ಇನ್ನೂ ಆಗಿಲ್ಲಮ್ಮ, ಸ್ವಲ್ಪ ತಾಳು," ಎಂದಳು.

ಆರನೆಯ ಬಟ್ಟಲು ಹೋದಾಗ ಅಜ್ಜಿ ಏನೂ ಹೇಳಲಿಲ್ಲ. ಒಂದು ಪೊಟ್ಟಣ ತಿಂದಳು. ಇನ್ನೊಂದು ತಿಂದಳು. ತಲೆ ಎತ್ತಲಿಲ್ಲ. ಸ್ಕೋಪಾಲೊವಾ ಮುಂದೆ ಬಂದು ಬಗ್ಗಿ ನೋಡುವಷ್ಟರಲ್ಲಿ ಬಟ್ಟಲು ಮೇಲೆದ್ದಿತ್ತು, ಸಾರು ಇಳಿಯುತ್ತಿತ್ತು, ಮುದುಕಿಯ ಗಂಟಲು ಏರಿ ಇಳಿಯುತ್ತಿತ್ತು. ಆಮೇಲೆ ಬಟ್ಟಲು ಕೆಳಗೆ ಬಂತು. ಒಂದು ಹನಿ ಇರಲಿಲ್ಲ. ಪಾತ್ರೆಯಲ್ಲೂ ಇರಲಿಲ್ಲ.

ರಾದಿಮ್ ಗೋಡೆಗೆ ಒರಗಿದ. ಕೋಪ ಮಾಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ.

ಸ್ಕೋಪಾಲೊವಾ ಖಾಲಿ ಬಟ್ಟಲನ್ನು ನೋಡಿದಳು, ಬಾಯಿ ಒರೆಸಿಕೊಳ್ಳುತ್ತಿದ್ದ ಅಜ್ಜಿಯನ್ನು ನೋಡಿದಳು, ತನ್ನ ಕೈಯ ಒಣ ಚಮಚವನ್ನು ನೋಡಿದಳು. ಮೊಳೆಯಿಂದ ಒಂದು ಬಿಳಿ ಏಪ್ರನ್ ತೆಗೆದು ರಾದಿಮ್‌ನ ಹೆಗಲಿಗೆ ಎಸೆದಳು.

"ನಾಳೆ ಏಳಕ್ಕೆ ಬಾ," ಎಂದಳು. "ಅಜ್ಜೀನ ಮನೇಲಿ ಬಿಟ್ಟು ಬಾ."