ರಜೆಯ ಪ್ಯಾಂಟಿಗೆ ಎರಡಿಂಚು ಹೆಚ್ಚು

ನಾನು ಟೈಲರ್. ನನ್ನ ಅಪ್ಪನೂ ಟೈಲರೇ. ಅಪ್ಪ ತುಳಿಯುತ್ತಿದ್ದ ಮೆಷಿನ್ನು ಇವತ್ತಿಗೂ ನನ್ನ ಅಂಗಡಿಯ ಕಿಟಕಿಯ ಹತ್ತಿರವೇ ಇದೆ. ಶಾಲೆಗೆ ರಜೆ ಸಿಗುವ ಮುಂಚಿನ ವಾರ ನನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಪ್ರವಾಸಕ್ಕೆ ಎಲ್ಲರಿಗೂ ಹೊಸ ಬಟ್ಟೆ ಬೇಕು. ರಜೆ ಮುಗಿದ ಮೇಲಿನ ವಾರವೂ ಅಷ್ಟೆ, ಅದೇ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಬೇಕು. ಯಾರು ಎಷ್ಟು ತಿಂದು ಬಂದರು ಎಂಬುದು ಅವರ ಮನೆಯವರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ.

ಈ ವಿಷಯದಲ್ಲಿ ನನ್ನ ಅಣ್ಣನದು ಎತ್ತಿದ ಕೈ. ಅವನು ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಆರು ವರ್ಷದಿಂದ ಸಕ್ಕರೆ ಕಾಯಿಲೆ ಬೇರೆ. ಈ ಸಲ ರಜೆಗೆ ಮುಂಚೆ ಪ್ಯಾಂಟಿನ ಬಟ್ಟೆ ತಂದು ನನ್ನ ಮೇಜಿನ ಮೇಲೆ ಹಾಕಿದ.

“ಸೊಂಟಕ್ಕೆ ಎರಡಿಂಚು ಹೆಚ್ಚಿಗೆ ಇಡು ಕಣೇ.”

“ಯಾಕಣ್ಣ? ಅಳತೆ ಸರಿಯಾಗೇ ಇದೆಯಲ್ಲ.”

“ಸಮುದ್ರ ನೋಡೋಕೆ ಹೋಗ್ತಿದ್ದೀವಲ್ಲ, ಐದು ದಿನ. ಆ ಲಾಡ್ಜಲ್ಲಿ ಎಷ್ಟು ಬೇಕಾದ್ರೂ ಬಡಿಸ್ಕೋಬಹುದು. ಮೊದಲೇ ಜಾಗ ಮಾಡಿಟ್ಕೊಂಡ್ರೆ ಒಳ್ಳೇದು.”

ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಬಿಳಿ ಕೋಟಿಗೆ ಗುಂಡಿ ಹಾಕಿಸಲು ಬಂದು ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ನಗು ತಡೆಯಲಾಗಲಿಲ್ಲ.

“ಪ್ಯಾಂಟಿಗೇನೋ ಜಾಗ ಆಯ್ತು. ನಿಮ್ಮ ಸಕ್ಕರೆಗೆ ಎಲ್ಲಿ ಜಾಗ ಮಾಡ್ತೀರಿ?”

“ರಜೆ ಅಂದ್ರೆ ರಜೆ ನರ್ಸಮ್ಮ. ಪಥ್ಯಕ್ಕೂ ರಜೆ! ಬೆಳಿಗ್ಗೆ ತಿಂಡಿ ಬಿಡ್ತೀನಿ, ಮಧ್ಯಾಹ್ನ ಎರಡರಷ್ಟು ತಿಂತೀನಿ. ಅಲ್ಲಿಗಲ್ಲಿಗೆ ಸರಿಹೋಯ್ತು.”

“ಹೋದ ವರ್ಷ ಸರಿಹೋಯ್ತಾ?”

ಅಣ್ಣ ಮೇಜಿನ ಮೇಲಿನ ಬಟ್ಟೆಯನ್ನು ನೀವತೊಡಗಿದ. ನಾನು ಹೇಳಿದೆ. ಹೋದ ವರ್ಷ ಅದೇ ಲಾಡ್ಜಿನಲ್ಲಿ ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಹನ್ನೊಂದು ಗಂಟೆಗೆ ಬೆವರಿ ತಲೆ ಸುತ್ತಿ ಕೂತ. ಮಧ್ಯಾಹ್ನ ಮೇಜಿನ ಮೇಲಿದ್ದದ್ದನ್ನೆಲ್ಲ ತಿಂದ. ಆಮೇಲೆ ಎರಡು ದಿನ ಹಾಸಿಗೆಗೂ ಬಚ್ಚಲಿಗೂ ಓಡಾಡಿದ್ದೇ ಅವನ ಪ್ರವಾಸ. ಅಲ್ಲೊಂದು ಹಳೆಯ ಲೈಟ್‌ಹೌಸ್ ಇದೆ. ಚಿಕ್ಕಂದಿನಲ್ಲಿ ಅದರ ತುದಿಯಲ್ಲಿ ನಮ್ಮ ಅಪ್ಪ ಅಣ್ಣನನ್ನು ಎತ್ತಿ ಹಿಡಿದು ಸಮುದ್ರ ತೋರಿಸಿದ್ದರು. ಆ ಜಾಗಕ್ಕೆ ಮೊಮ್ಮಗಳನ್ನು ಕರೆದೊಯ್ಯುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ. ಕೊನೆಗೆ ಅವಳನ್ನು ಹತ್ತಿಸಿದ್ದು ನಾನು. ಅವಳು ವಾಪಸ್ಸು ಬಂದು, “ಅಜ್ಜ, ಮೇಲಿಂದ ನಿಮಗೆ ಕೈ ಬೀಸಿದೆ, ನೀವು ಕಾಣಲೇ ಇಲ್ಲ” ಎಂದಾಗ ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ.

“ಈ ವರ್ಷ ಹತ್ತೇ ಹತ್ತುತ್ತೀನಿ” ಎಂದ ಅಣ್ಣ, ಸಣ್ಣ ದನಿಯಲ್ಲಿ.

“ಹತ್ತಿ. ಅದಿರಲಿ, ಹೋದ ವರ್ಷ ಏನೇನು ತಿಂದ್ರಿ?” ನರ್ಸಮ್ಮ ಕೇಳಿದರು.

“ಎಲ್ಲಾ ತಿಂದೆ.”

“ಎಲ್ಲಾ ಅಂದ್ರೆ?”

“ಅದೇ... ಕೆಂಪಗೆ ಒಂದಿತ್ತು. ಆಮೇಲೆ ಅದೇನೋ ಕರಿದದ್ದು...” ಅಣ್ಣ ತಲೆ ಕೆರೆದುಕೊಂಡ.

ನನಗೆ ತಟ್ಟನೆ ಹೊಳೆಯಿತು. “ಅಣ್ಣ, ಚಿಕ್ಕವರಿದ್ದಾಗ ಅಲ್ಲಿ ಏನು ತಿಂದಿದ್ವಿ, ಹೇಳು.”

ಅವನ ಮುಖ ಅರಳಿತು. “ಮೊದಲನೇ ದಿನ ಸುಟ್ಟ ಮೀನು. ಒಂದೇ ಮೀನು! ಅಮ್ಮ ಮುಳ್ಳು ಬಿಡಿಸಿ ನಾಲ್ಕು ಪಾಲು ಮಾಡಿದ್ಲು. ಎರಡನೇ ದಿನ ಐಸ್‌ಕ್ರೀಂ. ಒಂದು ಕಪ್ಪು, ನಾಲ್ಕು ಚಮಚ. ಚಮಚ ಮರಳಲ್ಲಿ ಬೀಳಿಸ್ಕೊಂಡು ನೀನು ಅತ್ತಿದ್ದೆ.”

“ಅತ್ತಿದ್ದು ನೀನು!”

ಐವತ್ತೆರಡು ವರ್ಷದ ಹಿಂದಿನ ಮಾತು. ಅಣ್ಣ ಒಂದೂ ಮರೆತಿಲ್ಲ. ಅಮ್ಮನ ಕ್ರಮವೇ ಹಾಗಿತ್ತು. ದಾರಿಗೆ ಬೇಯಿಸಿದ ಮೊಟ್ಟೆ, ಸೌತೆಕಾಯಿ, ಹಣ್ಣು ಕಟ್ಟಿಕೊಳ್ಳುತ್ತಿದ್ದಳು. ಹೋದಲ್ಲಿಯೂ ಮನೆಯಲ್ಲಿ ತಿನ್ನುವ ಹೊತ್ತಿಗೇ ಊಟ. ದಿನಕ್ಕೆ ಒಂದೇ ಒಂದು ಹೊಸ ತಿನಿಸು, ಅದೂ ನಾಲ್ವರಿಗೂ ಸೇರಿ. ಆಗ ನಾವು ಅದನ್ನು ಜಿಪುಣತನ ಅಂದುಕೊಂಡಿದ್ದೆವು. ಅಮ್ಮ, ನಿನ್ನನ್ನು ಎಷ್ಟು ಬೈದುಕೊಂಡಿದ್ದೆವು!

“ನಿಮ್ಮಮ್ಮ ನನಗಿಂತ ಒಳ್ಳೇ ನರ್ಸು” ಎನ್ನುತ್ತಾ ನರ್ಸಮ್ಮ ಎದ್ದು ಬಂದರು. ನನ್ನ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆ ಕತ್ತರಿಸುವ ಕಂದು ಕಾಗದದ ಮೇಲೆ ಒಂದು ತಟ್ಟೆಯ ಚಿತ್ರ ಬರೆದರು.

“ನೋಡಿ, ಅರ್ಧ ತಟ್ಟೆ ತರಕಾರಿ. ಕಾಲು ಭಾಗ ಅನ್ನ ಇಲ್ಲಾ ರೊಟ್ಟಿ. ಉಳಿದ ಕಾಲು ಬೇಳೆಕಾಳು, ಮೊಟ್ಟೆ ಅಥವಾ ಮೀನು. ತಿಂಡಿ ಮಾತ್ರ ಬಿಡಬೇಡಿ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಇಟ್ರೆ ಸಕ್ಕರೆ ಕುಸಿದು ತಲೆ ಸುತ್ತತ್ತೆ. ಬಿಸಿಯಾಗಿರೋದನ್ನ ತಿನ್ನಿ, ಶುದ್ಧ ನೀರು ಕುಡೀರಿ, ಊಟ ಆದ್ಮೇಲೆ ಸ್ವಲ್ಪ ಓಡಾಡಿ. ಹೊರಡೋ ಮುಂಚೆ ಡಾಕ್ಟರನ್ನ ಒಂದ್ಸಲ ಕಂಡು ಬನ್ನಿ.”

“ಸಿಹಿ?” ಅಣ್ಣನ ದನಿ ಮಗುವಿನದಾಗಿತ್ತು.

“ನಿಮ್ಮಮ್ಮನ ಲೆಕ್ಕ. ಒಂದು ಕಪ್ಪು, ನಾಲ್ಕು ಚಮಚ. ಮೂವತ್ತು ವರ್ಷ ಬಸ್ಸಿಗೆ ಬ್ರೇಕ್ ಹಾಕಿದವರಿಗೆ ತಟ್ಟೆ ಮುಂದೆ ಹಾಕೋದು ಕಷ್ಟಾನಾ?”

ಅಣ್ಣ ಗೊಣಗುತ್ತಲೇ ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಬಾಗಿಲಿಗೆ ಹೋದವನು ತಿರುಗಿ ನೋಡಿದ. “ಆದ್ರೂ ಆ ಎರಡಿಂಚು ಇರಲಿ ಕಣೇ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ.” ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಚಿ, ಅಳತೆಗೆ ಸರಿಯಾಗಿಯೇ ಹೊಲಿದುಕೊಟ್ಟೆ.

ಅಣ್ಣ, ಅತ್ತಿಗೆ, ಮೊಮ್ಮಗಳು, ನಾನು, ನಾಲ್ವರೂ ಹೊರಟೆವು. ಲಾಡ್ಜಿನ ಉದ್ದ ಮೇಜಿನ ಸುತ್ತ ಅಣ್ಣ ಖಾಲಿ ತಟ್ಟೆ ಹಿಡಿದು ಎರಡು ಸುತ್ತು ಬಂದ. ಅವನ ಹಿಂದೆಯೇ ಮೊಮ್ಮಗಳು ಕಾಗದ ಬಿಡಿಸಿ ಹಿಡಿದುಕೊಂಡು, “ಅಜ್ಜ, ಇನ್ನೂ ಅರ್ಧ ತಟ್ಟೆ ತರಕಾರಿ ಆಗಿಲ್ಲ” ಎನ್ನುತ್ತಿದ್ದಳು. ಎರಡನೆಯ ದಿನ ಯಾರೂ ನೋಡುತ್ತಿಲ್ಲ ಎಂದುಕೊಂಡು ಕರಿದ ತಿನಿಸಿಗೆ ಕೈ ಹಾಕಿದ. ಅತ್ತಿಗೆ ಕೆಮ್ಮಿದರು. ಒಂದು ತುಂಡು ಉಳಿಸಿಕೊಂಡು ಮಿಕ್ಕದ್ದು ನಮಗೆ ಕೊಟ್ಟ.

ನಾಲ್ಕನೆಯ ದಿನ ತಿಂಡಿ ತಿಂದು ಲೈಟ್‌ಹೌಸಿಗೆ ಹೋದೆವು. ನೂರಾ ಹನ್ನೆರಡು ಮೆಟ್ಟಿಲು. ಅಣ್ಣ ಎರಡು ಕಡೆ ನಿಂತು ನೀರು ಕುಡಿದ. ಆದರೆ ಹತ್ತಿದ. ತುದಿಯಲ್ಲಿ ಕಬ್ಬಿಣದ ಕಂಬಿ ಹಿಡಿದು, “ಇಲ್ಲೇ ಪುಟ್ಟಿ, ನಮ್ಮಪ್ಪ ನನ್ನನ್ನ ಎತ್ತಿಕೊಂಡಿದ್ದು” ಎಂದ.

“ಅವತ್ತು ಏನು ತಿಂದಿದ್ರಿ ಅಜ್ಜ?”

ಅಣ್ಣ ಹೊಸ ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಕಿತ್ತಳೆ ಹಣ್ಣು ತೆಗೆದ. ಅವತ್ತು ಅಮ್ಮ ಇಲ್ಲಿ ಹಂಚಿದ್ದು ಅದನ್ನೇ. ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ಅಮ್ಮನ ಹಾಗೆಯೇ ಸುಲಿದು ನಾಲ್ಕು ಪಾಲು ಮಾಡಿದ.

ಆ ಎರಡಿಂಚು ಇವತ್ತಿಗೂ ಪ್ಯಾಂಟಿನ ಒಳಗೇ ಮಡಚಿಕೊಂಡಿದೆ.

ನೀವೂ ರಜೆಗೆ ಹೊರಟಿದ್ದೀರಾ? ಖುಷಿಯಾಗಿ ಹೋಗಿ. ಹೊತ್ತಿಗೆ ಸರಿಯಾಗಿ ತಿನ್ನಿ, ಮಾತ್ರೆ ಮರೆಯಬೇಡಿ, ತಟ್ಟೆಯಲ್ಲಿ ತರಕಾರಿಗೆ ಅರ್ಧ ಜಾಗ ಕೊಡಿ. ದಿನಕ್ಕೊಂದು ಹೊಸ ರುಚಿ ನೋಡಿ, ಎಲ್ಲರೂ ಹಂಚಿಕೊಂಡು ನೋಡಿ. ಬಟ್ಟೆ ಸಡಿಲ ಮಾಡುವ ಕೆಲಸ ಕಡಿಮೆಯಾದರೆ ನನಗೇನೂ ಬೇಸರವಿಲ್ಲ. ಇನ್ನು ಐವತ್ತು ವರ್ಷ ಬಿಟ್ಟು ನಿಮ್ಮ ಮಗುವನ್ನು ಯಾರಾದರೂ, “ಆ ರಜೆಯಲ್ಲಿ ಏನು ತಿಂದಿರಿ, ಯಾರ ಜೊತೆ ತಿಂದಿರಿ?” ಎಂದು ಕೇಳಿದರೆ, ಅದು ತಡವರಿಸದೆ ಹೇಳುವಂತಿರಲಿ.